ಗುಂಡಿಗೆ ಹಾಲು ಸಾಲದ ದಿನಗಳು

ಹುಟ್ಟಿದ ಮಗಳನ್ನು ಕಂಡು ಅಪ್ಪ “ಅಂಗಿ ಗುಂಡಿಯಷ್ಟಿದ್ದಾಳಲ್ಲ!” ಎಂದು ನಕ್ಕಿದ್ದೇ ನೆಪ, ಮನೆಯಲ್ಲಿ ‘ಗುಂಡಿ’ ಎಂಬ ಹೆಸರೇ ನಿಂತಿತು. ತಾಯಿ ದರ್ಜಿ, ಅವಳಿಗೂ ಹೆಸರು ಹಿಡಿಸಿತ್ತು. ಆದರೆ ಹತ್ತು ದಿನವಾದರೂ ಗುಂಡಿಯ ತೂಕ ಏರಲಿಲ್ಲ. ಅರ್ಧ ಗಂಟೆ ಹಾಲು ಚೀಪಿ, ಮಲಗಿಸಿದ ಕೂಡಲೇ ಮನೆ ಹಾರಿಹೋಗುವಂತೆ ಅಳುತ್ತಿದ್ದಳು.

“ಹೊಟ್ಟೆ ತುಂಬಾ ಊಟ ಮಾಡು, ಹಾಲು ತಾನಾಗೇ ಬರತ್ತೆ,” ಎಂದು ಅತ್ತೆ ಬಡಿಸಿದ್ದೇ ಬಡಿಸಿದ್ದು. ಕಾರಣ ಊಟವಲ್ಲ, ಬೇರೆಯೇ ಇದೆ ಎಂಬ ಅನುಮಾನ ಸೊಸೆಗೆ. ಮದುವೆಗೆ ಮುಂಚೆ ಅವಳು ಎದೆಗೆ ಆಪರೇಷನ್ ಮಾಡಿಸಿಕೊಂಡಿದ್ದಳು. ಒಂದು ಕಡೆ ಬೆಳೆದೇ ಇರಲಿಲ್ಲ. ಆಪರೇಷನ್‌ಗೆ ಮೊದಲು, ಊರವರಿಗೆಲ್ಲ ಅಳತೆ ತೆಗೆದು ಹೊಲಿಯುವವಳು ತನ್ನ ಅಂಗಿಗೆ ಮಾತ್ರ ಒಳಗೆ ಹತ್ತಿ ತುರುಕಿ ಹೊಲಿದುಕೊಳ್ಳುತ್ತಿದ್ದಳು. ಆಪರೇಷನ್ ವಿಷಯ ಗಂಡನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ.

ತೂಕ ನೋಡಲು ಮನೆಗೆ ಬಂದ ನರ್ಸ್ ಕೇಳಿದಳು: “ಎದೆಗೆ ಯಾವತ್ತಾದ್ರೂ ಆಪರೇಷನ್ ಆಗಿತ್ತಾ?”

ಅತ್ತೆ ಅಲ್ಲೇ ಬಟ್ಟೆ ಮಡಿಸುತ್ತಿದ್ದರು. ಸೊಸೆ ಮಗುವಿನ ಮುಖ ನೋಡಿ ಧೈರ್ಯ ತಂದುಕೊಂಡಳು. “ಆಗಿತ್ತು. ಒಂದು ಕಡೆ ಬೆಳೆದೇ ಇರಲಿಲ್ಲ, ಸಮ ಕಾಣಲಿ ಅಂತ ಎರಡೂ ಕಡೆ ಸಿಲಿಕಾನ್ ಇಟ್ಟಿದ್ದಾರೆ. ಅಂದಕ್ಕೆ ಆಸೆಪಟ್ಟು ಮಗು ಹೊಟ್ಟೆ ಮೇಲೆ ಹೊಡೆದುಬಿಟ್ಟೆ,” ಎಂದು ಗಳಗಳನೆ ಅತ್ತಳು.

“ಹಾಗೆಲ್ಲ ಅಂದ್ಕೋಬೇಡಿ. ಬೆಳೆಯದೇ ಇದ್ದ ಕಡೆ ಹಾಲು ಮೊದಲಿಂದಲೂ ಕಮ್ಮಿಯೇ ಇರಬಹುದು. ಇರೋದನ್ನ ಕೊಡಿ, ಸಾಲದ್ದನ್ನ ನಾವು ತುಂಬೋಣ,” ಎಂದ ನರ್ಸ್, ನೂಲಿನಂಥ ಕೊಳವೆಯ ಒಂದು ತುದಿಯನ್ನು ಮೊಲೆತೊಟ್ಟಿನ ಪಕ್ಕ ಅಂಟಿಸಿ, ಇನ್ನೊಂದನ್ನು ಪುಡಿಹಾಲಿನ ಬಟ್ಟಲಿಗೆ ಇಳಿಬಿಟ್ಟಳು.

ಅತ್ತೆ ಮಡಿಸುತ್ತಿದ್ದ ಬಟ್ಟೆ ಬಿಟ್ಟು ಎದ್ದು ಬಂದರು. “ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ಯಲ್ಲೇ! ನಾನೇನು ಹುಲೀನಾ? ನನ್ನ ಬಾಯಲ್ಲಿರೋ ಹಲ್ಲೆಲ್ಲಾ ಕಟ್ಟಿಸಿದ್ದು. ಅದನ್ನ ನಾನು ಊರಿಗೆಲ್ಲ ಸಾರಿದ್ದೀನಾ?”

ಅಳುತ್ತಿದ್ದ ಸೊಸೆಗೆ ಫಕ್ಕನೆ ನಗು ಬಂತು. “ಹಲ್ಲು ಕಟ್ಟಿಸಿದ್ದಾ ಅತ್ತೆ? ನನಗೆ ಗೊತ್ತೇ ಇರಲಿಲ್ಲ!”

“ಇಲ್ಲಿ ಕೊಡು ಬಟ್ಟಲು,” ಎಂದು ಇಸಿದುಕೊಂಡ ಅತ್ತೆ, ನರ್ಸ್ ತೋರಿಸಿದಷ್ಟು ಎತ್ತರಕ್ಕೆ ಹಿಡಿದು ಕಂಬದಂತೆ ನಿಂತರು. ಗುಂಡಿ ಗುಟುಕು ಗುಟುಕಾಗಿ ಕುಡಿದು, ಬಾಯಿ ತೆರೆದುಕೊಂಡೇ ನಿದ್ದೆಹೋದಳು.

ಮುಂದಿನ ವಾರ ತಕ್ಕಡಿಯ ಅಂಕಿ ಏರಿತ್ತು. ಅತ್ತೆಗೆ ಅಷ್ಟಕ್ಕೆ ಸಮಾಧಾನವಿಲ್ಲ. “ವಾರವೆಲ್ಲ ಬಟ್ಟಲು ಹಿಡಿದು ಕೈ ನೋಯಿಸಿಕೊಂಡಿದ್ದೀನಿ ಕಣಮ್ಮಾ, ಇನ್ನೊಂದ್ಸಲ ತೂಗು,” ಎಂದು ನರ್ಸ್‌ಗೆ ಗಂಟುಬಿದ್ದರು.