ಬರೀ ಬೂದಿ

ನನ್ನ ಗಂಡನಿಗೆ ಒಂದು ಕಿಡ್ನಿ ಕೊಡುತ್ತೇನೆಂದು ನಾನೇ ಹಟ ಹಿಡಿದಿದ್ದೆ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದು ಅವರ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೈಯೆಲ್ಲ ಮೂಳೆಚಕ್ಕಳವಾಗಿದ್ದರೂ ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

"ನಿನ್ನ ಕಿಡ್ನಿ ನನ್ನ ಹೊಟ್ಟೆಯೊಳಗೂ ಕೂತು ಜಗಳ ಆಡುತ್ತೆ ಕಣೇ," ಅಂದಿದ್ದರು.

"ಆಡಲಿ. ಹೇಳಿದ ಮಾತು ಕೇಳೋದನ್ನ ಅದಾದ್ರೂ ಕಲಿಸುತ್ತೆ."

ನಮ್ಮಿಬ್ಬರ ರಕ್ತದ ಗುಂಪು ಒಂದೇ ಎಂದು ಗೊತ್ತಾದ ದಿನ, ಎಷ್ಟೋ ತಿಂಗಳ ಮೇಲೆ ಅವರು ಸಿಳ್ಳೆ ಹಾಕಿದರು. ಕೊಡಲು ನಮಗೆ ಬೇರೆ ಯಾರೂ ಇರಲಿಲ್ಲ.

ಉಳಿದ ಪರೀಕ್ಷೆಗಳೂ ಮುಗಿದವು. ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದು, ವರದಿಯನ್ನು ಎರಡು ಸಲ ತಿರುವಿಹಾಕಿದರು.

"ನೀವೂ ಕಾರ್ಖಾನೆಗೆ ಹೋಗ್ತಿದ್ರಾ?"

"ಅಯ್ಯೋ ಇಲ್ಲ, ಅದರ ಗೇಟೂ ದಾಟಿಲ್ಲ."

"ಅವರ ಬಟ್ಟೆ ಯಾರು ಒಗೀತಿದ್ರು?"

"ನಾನೇ. ಬೂದಿ ಕೊಡವಿ ಒಗೀತಿದ್ದೆ."

"ಯಾವ ಬೂದಿ?"

ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಬೂದಿ ಎಂದೇ ಕರೆಯುತ್ತಿದ್ದರು. ಬೂದಿ ಯಾರಿಗೆ ಏನು ಮಾಡೀತು? ಹಾಗೇ ನೆನೆಸಿದರೆ ನೀರೆಲ್ಲ ಕದಡುತ್ತದೆಂದು ದಿನಾ ಸಂಜೆ ಅಂಗಿಯನ್ನು ಬಚ್ಚಲಲ್ಲಿ ರಪರಪ ಕೊಡವುತ್ತಿದ್ದೆ. ಮನೆಯೊಳಗೆ ಧೂಳು ಬರಬಾರದಲ್ಲ, ಅದಕ್ಕೆ ಬಾಗಿಲು ಬೇರೆ ಹಾಕಿಕೊಳ್ಳುತ್ತಿದ್ದೆ. ನನ್ನ ಜಾಣತನಕ್ಕೆ ಬೆಂಕಿ ಬೀಳ!

"ಅದು ಬೂದಿಯಲ್ಲಮ್ಮ, ಸೀಸದ ಪುಡಿ. ನಿಮ್ಮ ರಕ್ತದಲ್ಲೂ ಇದೆ. ನಿಮ್ಮ ಕಿಡ್ನಿಗಳೂ ಅರ್ಧ ಸೋತಿವೆ. ಕೊಡೋ ಮಾತು ಬಿಡಿ, ಇರೋದನ್ನ ಉಳಿಸಿಕೊಳ್ಳೋಣ."

ಅವರು ಇನ್ನೂ ಏನೇನೋ ಹೇಳಿದರು. ನನ್ನ ಕಿವಿಗೆ ಬೀಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವವರಿಗೆ ಏನೆಂದು ಹೇಳಲಿ? ನೀವು ಮೈಮೇಲೆ ಹೊತ್ತು ತಂದದ್ದೇ ನನ್ನನ್ನೂ ತಿಂದಿತು ಎಂದೇ? ಕೇಳಿದರೆ ಆ ಜೀವ ಅಲ್ಲೇ ಕುಸಿಯುತ್ತದೆ.

ನಾನು ಹೊರಗೆ ಬಂದದ್ದೇ ಅವರು ಸರಿದು ಜಾಗ ಮಾಡಿದರು.

"ಏನಂದ್ರು?"

"ಹೊಂದಲ್ಲವಂತೆ."

ಒಂದು ಗಳಿಗೆ ನೆಲ ನೋಡಿದರು. ಆಮೇಲೆ ನಗಲು ಹೊರಟರು.

"ನಮ್ಮಿಬ್ಬರಿಗೂ ಹೊಂದಲ್ಲ ಅಂತ ಮದುವೆಯಾದಾಗಿನಿಂದ ನಾನೂ ಬಡ್ಕೋತಾನೇ ಇದ್ದೀನಿ."

ನಾನು ವರದಿಯನ್ನು ಮಡಚಿ ಚೀಲದ ತಳಕ್ಕೆ ತುರುಕಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ಹೋಗ್ಲಿ ಬಿಡು. ನೀನಾದ್ರೂ ಗಟ್ಟಿಮುಟ್ಟಾಗಿದ್ದೀಯಲ್ಲ, ನನಗಷ್ಟು ಸಾಕು."

"ಹೂಂ," ಅಂದೆ.