ಒಂದು ಕಾಲಿನ ಅಂಚು

ಸೂಜಿಯ ಕಣ್ಣಿಗೆ ದಾರ ಹೋಗಲೇ ಇಲ್ಲ. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ಹೊಲಿಗೆಯಮ್ಮ ಮತ್ತೆ ನೋಡಿದಳು. ಒಳಕೋಣೆಯಲ್ಲಿ ಗಂಡನನ್ನು ಮಲಗಿಸಿದ್ದರು. ಕೊನೆಯ ಪಯಣಕ್ಕೆ ಅವರಿಗೆ ಹಾಕಬೇಕಾದ ಅಂಗಿಗೆ ಮೇಲಿನ ಗುಂಡಿ ಇರಲಿಲ್ಲ.

"ಕೊಡಿ ಅತ್ತಿಗೆ, ನಾನು ಪೋಣಿಸಿಕೊಡ್ತೀನಿ," ಎಂದಳು ಮೂಲೆಯಲ್ಲಿ ಕೂತಿದ್ದ ನಾದಿನಿ.

ಹೊಲಿಗೆಯಮ್ಮ ಕೇಳಿಸದವಳಂತೆ ದಾರದ ತುದಿಯನ್ನು ಮತ್ತೆ ಹೊಸೆದಳು. ಬೀದಿಯ ಅರ್ಧ ಜನರ ಬಟ್ಟೆ ಹೊಲಿದವಳಿಗೆ ಇವತ್ತು ಒಂದು ಗುಂಡಿ ಹೊಲಿಯಲಾಗುತ್ತಿರಲಿಲ್ಲ. ಆದರೂ ನಾದಿನಿಯ ಉಪಕಾರ ಬೇಡ. ಮಗ ಹೋದಾಗಿನಿಂದ ಇಬ್ಬರಿಗೂ ಮಾತಿಲ್ಲ.

*

ಒಂದು ಕಾಲಕ್ಕೆ ಆ ಮನೆಯಲ್ಲಿ ನಗುವಿತ್ತು. ಗಂಡ ಕಾಲೇಜಿನಲ್ಲಿ ಮೇಷ್ಟ್ರು, ಅವರದು ಮೇಲ್ಮೈಗಳ ಗಣಿತ. ಜಗತ್ತೆಲ್ಲ ದಾರದ ಸಣ್ಣ ಉಂಗುರಗಳಂತೆ, ಅವು ನಡೆದ ದಾರಿಯೇ ಒಂದು ಮೇಲ್ಮೈಯಂತೆ, ಎಂಥ ಗೋಜಲಿನದನ್ನೂ ಕೊನೆಗೆ ಪ್ಯಾಂಟಿನಾಕಾರದ ತುಂಡುಗಳಾಗಿ ಕತ್ತರಿಸಬಹುದಂತೆ.

"ಎರಡು ಉಂಗುರ ಎರಡು ಕಾಲಿಂದ ಬರ್ತವೆ. ಸೊಂಟಕ್ಕೆ ಬರೋ ಹೊತ್ತಿಗೆ ಒಂದೇ ಆಗಿರ್ತವೆ ಕಣೇ."

"ನಿಮ್ಮ ಪ್ಯಾಂಟನ್ನ ಯಾರಾದ್ರೂ ಹಾಕ್ಕೊಂಡಿದ್ದುಂಟಾ? ನಾನು ಕತ್ತರಿಸಿದ್ದನ್ನ ಜನ ತೊಟ್ಟು ಓಡಾಡ್ತಾರೆ!"

ಮಗನಿಗೆ ನೀಲಿ ಪ್ಯಾಂಟು ಹೊಲಿಯುತ್ತಿದ್ದಾಗಲೇ ಅವನಿಗೆ ಜ್ವರ ಬಂತು. ಒಂದು ಕಾಲಿನ ಅಂಚು ಮಡಚಿ ಹೊಲಿದಾಗಿತ್ತು, ಇನ್ನೊಂದು ಹಾಗೇ ಉಳಿಯಿತು. ಮಗು ಉಳಿಯಲಿಲ್ಲ.

ಅತ್ತಿಗೆಯ ಕಣ್ಣಿಗೆ ಬೀಳದಿರಲೆಂದು ನಾದಿನಿ ಮಗುವಿನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಎತ್ತಿಟ್ಟಳು. ಹೊಲಿಗೆಯಮ್ಮ ಗಂಟು ಬಿಚ್ಚಿದರೆ ಅದರಲ್ಲಿ ನೀಲಿ ಪ್ಯಾಂಟು ಇಲ್ಲ.

"ಯಾರಿಗೆ ಕೊಟ್ಟೆ? ನನ್ನ ಮಗನ ಬಟ್ಟೆ ದಾನ ಮಾಡೋಕೆ ನೀನ್ಯಾರು?"

ನಾದಿನಿ ಆಣೆ ಇಟ್ಟಳು, ಅತ್ತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ತುಟಿ ಬಿಚ್ಚಲಿಲ್ಲ. ಮುಂದಿನ ವಾರ ಪಾಠಕ್ಕೂ ಹೋದರು. ಒಂದು ಹನಿ ಕಣ್ಣೀರು ಹಾಕದ ಇವರದು ಕಲ್ಲೆದೆ ಎಂದು ಅವಳು ತೀರ್ಮಾನಿಸಿದಳು. ಆಮೇಲಿನ ಸಂಸಾರವನ್ನೆಲ್ಲ ಆ ಕಲ್ಲಿನ ಜೊತೆಗೇ ಮಾಡಿದಳು.

*

"ಅಮ್ಮಾ," ಎನ್ನುತ್ತ ಮೇಷ್ಟ್ರ ಹಳೆಯ ಶಿಷ್ಯೆ ಒಳಗೆ ಬಂದಳು. ಈಗ ಅವಳೂ ಅದೇ ಗಣಿತ ಕಲಿಸುವವಳು. "ಇದು ಕಾಲೇಜಲ್ಲಿ ಸರ್ ಮೇಜಿನ ಖಾನೆಯಲ್ಲಿತ್ತು. ಅವರ ಜೊತೆಗೇ ಇಡೋಣ್ವಾ ಅಂತ ತಂದೆ. ಪ್ರತಿವರ್ಷ ಮೊದಲನೇ ಪಾಠಕ್ಕೆ ಇದನ್ನೇ ಎತ್ತಿ ತೋರಿಸ್ತಿದ್ರು."

ಪೊಟ್ಟಣದಿಂದ ಅಂಗೈಯಗಲದ ಸೊಂಟದ ನೀಲಿ ಪ್ಯಾಂಟು ಹೊರಬಂತು. ಬಣ್ಣ ಮಾಸಿತ್ತು, ಸೊಂಟದ ಬಳಿ ಸೀಮೆಸುಣ್ಣದ ಬೆರಳಚ್ಚಿತ್ತು. ಒಂದು ಕಾಲಿನ ಅಂಚಿನಲ್ಲಿ ದಾರ ಜೋತಾಡುತ್ತಿತ್ತು.

"ಇದನ್ನ ಹೊಲಿದುಕೊಡ್ಲಾ ಸರ್ ಅಂತ ಒಂದ್ಸಲ ಕೇಳಿದ್ದೆ ಅಮ್ಮ. 'ಬೇಡಮ್ಮ, ಅದನ್ನ ಹೊಲಿಯೋರು ಮನೇಲಿದಾರೆ' ಅಂದ್ರು. ಕಿಟಕಿ ಕಡೆ ತಿರುಗಿದೋರು ಈ ಕಡೆ ತಿರುಗಲೇ ಇಲ್ಲ. ಆವತ್ತು ಪಾಠ ಅಷ್ಟಕ್ಕೇ ನಿಂತುಹೋಯ್ತು."

ಹೊಲಿಗೆಯಮ್ಮ ಒಳಕೋಣೆಯತ್ತ ನೋಡಿದಳು.

"ಒಂದು ಮಾತು ಹೇಳಬಾರದಿತ್ತೇನ್ರೀ? ಒಂದೇ ಒಂದು ಮಾತು!" ಬೆಳಗಿನಿಂದ ತಡೆದಿದ್ದ ಅಳು ಕಟ್ಟೆಯೊಡೆಯಿತು. ಒಂದೇ ಸೂರಿನಡಿ ಇದ್ದು ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಅತ್ತಿದ್ದರು. ಆ ಸಂಕಟಕ್ಕೆ ಈಗ ಯಾರನ್ನು ಬೈಯಬೇಕೋ ಅವಳಿಗೆ ತಿಳಿಯಲಿಲ್ಲ. ಬೈಯಬಾರದವಳನ್ನು ಬೈದದ್ದು ಮಾತ್ರ ತಿಳಿಯಿತು.

ಹೊರಗೆ ಗಾಡಿ ಬಂದು ನಿಂತಿತು. "ಹೊತ್ತಾಯ್ತು," ಎಂದರು ಯಾರೋ.

"ಸ್ವಲ್ಪ ಕಾಯ್ಲಿ."

ಅಂಗಿಯನ್ನು ಪಕ್ಕಕ್ಕಿಟ್ಟು, ಸೂಜಿ ದಾರ ಎರಡನ್ನೂ ನಾದಿನಿಯತ್ತ ಚಾಚಿದಳು. "ನಂಗೆ ಕಣ್ಣು ಕಾಣ್ತಿಲ್ಲ ಕಣೇ. ಪೋಣಿಸಿಕೊಡು."

ನಾದಿನಿ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡು ಪೋಣಿಸಿಕೊಟ್ಟಳು. ಹೊಲಿಗೆಯಮ್ಮ ಪ್ಯಾಂಟನ್ನು ತೊಡೆಯ ಮೇಲೆ ಹರಡಿ ಅಂಚು ಮಡಚಿದಳು. ಬೆಳೆಯುವ ಮಕ್ಕಳ ಬಟ್ಟೆಗೆ ಬಿಡುವಂತೆ, ಮುಂದೆ ಬಿಚ್ಚಿ ಉದ್ದ ಮಾಡಲೆಂದು ಎರಡು ಬೆರಳಷ್ಟು ಬಟ್ಟೆ ಒಳಗೆ ಬಿಟ್ಟು, ಹೊಲಿಯತೊಡಗಿದಳು.