ನಡುಮನೆಯ ಲೊಡಲೊಡ

ಕಿಬ್ಬನಹಳ್ಳಿಯ ನಾದಿನಿ ಹೊಸದನ್ನು ಕೊಂಡು, ಹಳೆಯ ವಾಷಿಂಗ್ ಮಿಷನ್ನನ್ನು ಗುಜರಿಗೆ ಹಾಕುವವಳಿದ್ದಳು. ತಡೆದು ಮನೆಗೆ ತಂದವರು ಶ್ರೀರಂಗಯ್ಯ. ಬೋರಿನ ಮೋಟರನ್ನು ಎರಡು ಸಲ ಸ್ವತಃ ಬಿಚ್ಚಿದವರು ಅವರು. ಜೋಡಿಸಿದ್ದು ಬೇರೆಯವರು ಎಂಬುದನ್ನು ಹೇಳುವ ಅಭ್ಯಾಸ ಇರಲಿಲ್ಲ.

ನಡುಮನೆಯ ತುಂಬ ಹರಡಿದ್ದ ಬೆಲ್ಟು, ಬೇರಿಂಗು, ಸ್ಪ್ರಿಂಗುಗಳನ್ನು ದಾಟಿ ದಾಟಿ ಸಾಕಾದ ಹೆಂಡತಿ ಅನಸೂಯಮ್ಮ ಕೊನೆಗೆ ತೀರ್ಪು ಕೊಟ್ಟರು. "ಭಾನುವಾರ ಗುಜರಿಯೋನು ಬತ್ತಾನೆ. ಅಷ್ಟರೊಳಗೆ ಸದ್ದಿಲ್ದೆ ತಿರುಗಿದ್ರೆ ಇರ್ಲಿ. ಇಲ್ದಿದ್ರೆ ಅವನ ಗಾಡಿಗೆ."

ಭಾನುವಾರ ಬೆಳಿಗ್ಗೆ ಅಟ್ಟದ ಕಂಬಕ್ಕೆ ಆನಿಸಿದಂತೆ ಮಿಷನ್ನು ನಿಂತಿತು; ಪ್ಲಗ್ಗು ಇದ್ದದ್ದು ಆ ಕಂಬದಲ್ಲೇ. ಒಳಗೆ ಶ್ರೀರಂಗಯ್ಯನವರ ಪಂಚೆ. ಪಕ್ಕದ ಮನೆಯ ಹುಚ್ಚಣ್ಣ ಕರೆಯದೆಯೇ ಸಾಕ್ಷಿಗೆ ಬಂದಿದ್ದ.

"ಇದೇನ್ಲಾ, ಎರಡು ಸ್ಕ್ರೂ ಮಿಕ್ಕವೆ?"

"ಕಂಪ್ನಿಯೋರು ಧಾರಾಳವಾಗಿ ಹಾಕಿದ್ರು, ಬುಡು."

ಒಗೆಯುವುದೇನೋ ಆಯಿತು. ನೀರು ಹಿಂಡಲು ಜೋರಾಗಿ ತಿರುಗತೊಡಗಿದ್ದೇ ತಡ, ಲೊಡ ಲೊಡ ಲೊಡ!

"ಗುಜರಿಯೋನಿಗೂ ಸೇರಿಸಿ ಕಾಫಿಗೆ ಇಡ್ಲಾ?" ಅಡುಗೆಮನೆಯಿಂದ ಅನಸೂಯಮ್ಮ ಕೇಳಿದರು.

ಶ್ರೀರಂಗಯ್ಯ ಮತ್ತೆ ಬಿಚ್ಚಿ, ಮಿಕ್ಕ ಎರಡು ಸ್ಕ್ರೂಗಳನ್ನು ಕಣ್ಣಿಗೆ ಬಿದ್ದ ತೂತುಗಳಿಗೆ ತಿರುಗಿಸಿದರು. ಲೊಡ ಲೊಡ. ಭಾರ ಸಾಲದೇನೋ ಎಂದು ಹುಚ್ಚಣ್ಣ ಮಿಷನ್ನಿನ ಮೇಲೇರಿ ಕೂತ. ಈಗ ಅವನ ಹಲ್ಲೂ ಸದ್ದಿಗೆ ಸೇರಿಕೊಂಡಿತು.

"ನೆಲ ಸಮ ಇಲ್ಲ ಕಣ್ಲಾ," ಎಂದು ಶ್ರೀರಂಗಯ್ಯ ಅದನ್ನು ಅಂಗಳಕ್ಕೆ ಎಳೆಸಿ, ಉದ್ದನೆಯ ವೈರು ಕೊಟ್ಟು ತಿರುಗಿಸಿದರು. ಮಜ್ಜಿಗೆ ಕಡೆದಷ್ಟು ಮೆತ್ತನೆಯ ಸದ್ದು!

"ಅಂಗಳದಾಗೆ ಸುಮ್ಕಿದ್ದು ಮನೆ ಒಳಗೆ ಕೂಗಾಡೋದು ಎಲ್ಲಾ ಗಂಡಸರ ಬುದ್ಧಿ," ಎಂದರು ಅನಸೂಯಮ್ಮ. "ಒಳಗೆ ತಿರುಗ್ಸಿ ನೋಡಣ."

ಒಳಗೆ, ಅದೇ ಕಂಬದ ಪಕ್ಕ, ಮತ್ತೆ ಲೊಡ ಲೊಡ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಗುಜರಿ ಗಾಡಿಯ ಮೈಕು ಕೇಳಿಸಿತು. ಶ್ರೀರಂಗಯ್ಯ ಸ್ಕ್ರೂಡ್ರೈವರ್ ಹಿಡಿದು ಕುಕ್ಕರಿಸಿದರು. ಬಾಗಿಲ ಕಡೆ ನೋಡುವ ಧೈರ್ಯವಾಗಲಿಲ್ಲ.

ಕಾಫಿ ತಂದ ಅನಸೂಯಮ್ಮ ಲೋಟ ಕೊಡದೆ ನಿಂತರು. ಹುಚ್ಚಣ್ಣನ ತಲೆಯ ಮೇಲೆ ಅಟ್ಟದ ಧೂಳು ಉದುರುತ್ತಿತ್ತು.

"ನಿಲ್ಸಬೇಡಿ," ಎಂದು ಕಂಬ ಮುಟ್ಟಿದರು. ಅದು ಅಟ್ಟದವರೆಗೂ ನಡುಗುತ್ತಿತ್ತು. ಏಣಿ ಹತ್ತಿ, ಹೋದ ವರ್ಷ ಒಣಗಲೆಂದು ಅಟ್ಟಕ್ಕೆ ಹಾಕಿದ್ದ ತೆಂಗಿನಕಾಯಿಗಳಲ್ಲಿ ಒಂದನ್ನು ತಂದು ಗಂಡನ ಕಿವಿಯ ಹತ್ತಿರ ಅಲ್ಲಾಡಿಸಿದರು.

ಲೊಡ ಲೊಡ.

"ಹುಟ್ಟಿದಾಗಿಂದ ಈ ಸದ್ದು ಕೇಳಿದ್ದೀರಿ. ಮಿಷನ್ ಜೊತೆ ಕಿವೀನೂ ಬಿಚ್ಚಿ ಇಟ್ರಾ? ಒಳಗೆ ನೀರಿಂಗಿ ಕಾಯಿ ಕೊಬ್ಬರಿ ಆಗವೆ ಕಣ್ರೀ!"

"ನಾನು ಆಗ್ಲೇ ಅಂದ್ಕೊಂಡೆ," ಎಂದ ಹುಚ್ಚಣ್ಣ.

"ನೀನು ಅದರ ಮೇಲೆ ಕೂತಿದ್ದೆ, ಬುಡು," ಎಂದರು ಶ್ರೀರಂಗಯ್ಯ.

ಗುಜರಿಯವನು ಬಾಗಿಲಲ್ಲಿ ಇಣುಕಿದ. "ಇಲ್ಲ ಕಣಪ್ಪ," ಎಂದರು ಅನಸೂಯಮ್ಮ, "ಇದು ಕೆಲ್ಸಕ್ಕೆ ಬತ್ತದೆ. ರೀ, ನಾಳೆ ಆ ಮೂಲೆ ಕಂಬಕ್ಕೆ ಆನಿಸಿ ತಿರುಗ್ಸಿ. ಅಲ್ಲಿರೋ ಕಾಯಿ ಕೊಬ್ಬರಿ ಆಗವೋ ಇಲ್ವೋ ಕೇಳಣ."

ಆಮೇಲೆ ಮಿಷನ್ನಿನಿಂದ ಗ್ರೀಸು ಮೆತ್ತಿದ ಪಂಚೆಯನ್ನು ಎತ್ತಿಕೊಂಡು ಒಗೆಯುವ ಕಲ್ಲಿನ ಕಡೆ ನಡೆದರು. ಶ್ರೀರಂಗಯ್ಯ ಅದನ್ನು ನೋಡಲಿಲ್ಲ. ಮೂಲೆ ಕಂಬಕ್ಕೆ ವೈರು ಮುಟ್ಟುತ್ತದೋ ಎಂದು ಆಗಲೇ ಅಳೆಯುತ್ತಿದ್ದರು.